ಉತ್ತರವನ್ನೇ ಅವಕಲಿಸಿ ನೋಡಿ

ಪ್ರಶ್ನೆ: ಮಾರಿಕುಪ್ಪಂನಿಂದ ಬಂಗಾರಪೇಟೆಗೆ ರೈಲಲ್ಲಿ ಹೋಗಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಅವಕಲನ ಹೇಗೋ ಬರುತ್ತದೆ, ಅನುಕಲನದಲ್ಲಿ ಕೈ ನಿಂತುಬಿಡುತ್ತದೆ. ಟ್ಯೂಷನ್‌ಗೆ ಸೇರಲೇ?

ಉತ್ತರ: ಈಗಲೇ ದುಡ್ಡು ಕಟ್ಟಬೇಡಿ. ನೀವು ಪ್ರಶ್ನೆಯ ಜೊತೆ ಕಳಿಸಿದ ಹಾಳೆಯಲ್ಲಿ ಕಾಸ್ 3ಎಕ್ಸ್‌ನ ಅನುಕಲನ ಸೈನ್ 3ಎಕ್ಸ್ ಎಂದಿದೆ. ಅದನ್ನೇ ಅವಕಲಿಸಿ: ಸರಪಳಿ ನಿಯಮದಿಂದ 3 ಕಾಸ್ 3ಎಕ್ಸ್ ಬರುತ್ತದೆ, ಒಂದು 3 ಹೆಚ್ಚು. ಹಾಗಾಗಿ 3ರಿಂದ ಭಾಗಿಸಿ, ಕೊನೆಗೆ ಸ್ಥಿರಾಂಕ ಸಿ ಸೇರಿಸಿ. (ಸಿ ಮರೆಯದ ವಿದ್ಯಾರ್ಥಿಯನ್ನು ನಾನಿನ್ನೂ ಕಂಡಿಲ್ಲ.) ಪ್ರತಿ ಉತ್ತರವನ್ನೂ ಹೀಗೇ ತಾಳೆ ನೋಡಿ.

2ಎಕ್ಸ್ ಮತ್ತು ಕಾಸ್ ಎಕ್ಸ್ ವರ್ಗದ ಗುಣಲಬ್ಧ ಬಂದರೆ, ಒಳಗಿನ ಎಕ್ಸ್ ವರ್ಗದ ಅವಕಲನ ಹೊರಗೇ ನಿಂತಿದೆ. ಆದೇಶ ವಿಧಾನ ಸಾಕು. ಎಕ್ಸ್ ಮತ್ತು ಕಾಸ್ ಎಕ್ಸ್ ಆದರೆ ಭಾಗಶಃ ಅನುಕಲನ.

ರೈಲಿನಲ್ಲಿ ತ್ರಿಕೋನಮಿತಿ ಸೂತ್ರಗಳನ್ನು ಬಾಯಿಪಾಠ ಮಾಡಿ. ಎರಡು ವಾರದ ನಂತರವೂ ಅದೇ ಸಾಲಲ್ಲಿ ನಿಂತರೆ, ತಪ್ಪಿದ ಹಾಳೆಗಳ ಸಮೇತ ನಿಮ್ಮ ಉಪನ್ಯಾಸಕರನ್ನು ಕಾಣಿ.