ಏರು ಬರುವ ಮೊದಲೇ ಗೇರು

ತಮ್ಮಾ, ಈ ಹಂಗಾಮಿನಿಂದ ನೀನೇ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಡಬ್ಬಿ ಕಟ್ಟಿಕೊಂಡು ಕಬ್ಬು ಹೊಡೆಯಲು ನಿಂತಿದ್ದೀ ಎಂದು ನಿಮ್ಮಪ್ಪ ಹೇಳಿದ. ‘ಕಾಕಾ, ಹುಡುಗಗ ಒಂದೀಟು ತಿಳಿಸಿ ಹೇಳ್ರಿ’ ಎಂದೂ ಅಂದ. ಸ್ಟೇರಿಂಗ್ ಹಿಡಿಯುವುದನ್ನು ನಿನಗೆ ಯಾರೂ ಕಲಿಸಬೇಕಾಗಿಲ್ಲ. ಜಾತ್ರೆಯಲ್ಲಿ ಡಬ್ಬಿ ರಿವರ್ಸ್ ಹೊಡೆಯುವ ಸ್ಪರ್ಧೆಯಲ್ಲಿ ನಿನ್ನ ಕೈಚಳಕ ನೋಡಿ ನಾನೂ ಸಂತೋಷಪಟ್ಟವನೇ. ಆದರೆ ಖಾಲಿ ಡಬ್ಬಿ ತಿರುಗಿಸುವ ಜಾಣತನ ಬೇರೆ, ಇಪ್ಪತ್ತು ಟನ್ ಬೆನ್ನಿಗೆ ಕಟ್ಟಿಕೊಂಡು ಏರು ಹತ್ತಿ ಇಳಿಯುವ ತಿಳಿವಳಿಕೆ ಬೇರೆ. ಯಾವ ಗೇರು, ಅದನ್ನು ಎಲ್ಲಿ ಹಾಕಬೇಕು ಎನ್ನುವುದರಲ್ಲಿ ನಿನ್ನ ಜೀವವೂ ಎದುರಿಗೆ ಬರುವವರ ಜೀವವೂ ಇದೆ. ಹತ್ತುವುದಾದರೆ ಏರಿನ ಬುಡದಲ್ಲೇ ಗೇರು ಹಾಕಿಕೋ. ಇಳಿಯುವುದಾದರೆ ಇಳಿಜಾರಿನ ತಲೆಯಲ್ಲೇ ಹಾಕಿಕೋ. ನಡುವೆ ಕೈ ಹಚ್ಚಬೇಡ.

ನಮ್ಮ ಸೀಮೆ ಬಯಲು ಎಂದು ಹೊರಗಿನವರು ತಿಳಿಯುತ್ತಾರೆ. ಡಬ್ಬಿ ಜಗ್ಗಿದವನಿಗೆ ಮಾತ್ರ ಇಲ್ಲಿನ ಏರುಪೇರು ಗೊತ್ತು. ಕಬ್ಬು ಇರುವುದು ಕೃಷ್ಣೆಯ, ಘಟಪ್ರಭೆಯ ದಂಡೆಯ ಎರೆ ಹೊಲದಲ್ಲಿ. ಡಾಂಬರು ರಸ್ತೆ ಇರುವುದು ಮೇಲೆ. ತುಂಬಿದ ಡಬ್ಬಿ ಮೊದಲು ಹೊಳೆಯ ಕಡೆಯಿಂದ ಮೇಲಕ್ಕೆ ಹತ್ತಬೇಕು, ಆಮೇಲೆ ದಿನ್ನೆ, ಹಳ್ಳ, ಸೇತುವೆ ದಾಟಬೇಕು. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಹಾಕಿ, ಮೈಮುರಿದು ದುಡಿದು ಬ್ಯಾರೇಜ್ ಕಟ್ಟಿದರು. ನೀರು ನಿಂತಿತು, ಒಣಬೇಸಾಯದ ಎಷ್ಟೋ ಹೊಲ ಕಬ್ಬಾಯಿತು. ನಮ್ಮ ತಿಮ್ಮಾಪುರದ ರನ್ನನಗರದಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ, ಆಚೆಗೆ ಸಮೀರವಾಡಿ, ಉತ್ತೂರ, ಸಿದ್ದಾಪುರ, ಹಿರೇಪಡಸಲಗಿ, ಬಾಡಗಂಡಿಯ ಕಾರ್ಖಾನೆಗಳು. ಹಂಗಾಮು ಶುರುವಾದರೆ ಹಗಲು ರಾತ್ರಿ ಈ ಸುತ್ತಿನ ರಸ್ತೆಯೆಲ್ಲ ಕಬ್ಬಿನ ಗಾಡಿಯೇ. ಅದೇ ರಸ್ತೆಯಲ್ಲಿ ಸಾಲಿಗೆ ಹೋಗುವ ಮಕ್ಕಳಿದ್ದಾರೆ, ಸಂತೆಗೆ ಹೊರಟ ಹೆಣ್ಣುಮಕ್ಕಳಿದ್ದಾರೆ. ಇದನ್ನು ಮರೆಯಬೇಡ.

ಈಗ ಲೆಕ್ಕಕ್ಕೆ ಬಾ. ನಿನ್ನ ಐವತ್ತು ಎಚ್‌ಪಿ ಟ್ರ್ಯಾಕ್ಟರ್ ಲೋ ಒಂದನೇ ಗೇರಿನಲ್ಲಿ ತಾಸಿಗೆ ಎರಡೂವರೆ ಕಿಲೋಮೀಟರಿನ ಆಸುಪಾಸು ನಡೆಯುತ್ತದೆ, ಹೈ ನಾಲ್ಕರಲ್ಲಿ ಮೂವತ್ತರ ಆಸುಪಾಸು ಓಡುತ್ತದೆ. ಎಂಜಿನ್ ಅದೇ, ಶಕ್ತಿಯೂ ಅದೇ. ವೇಗ ಹನ್ನೆರಡು ಪಟ್ಟು ಹೆಚ್ಚಾದರೆ ಜಗ್ಗುವ ಬಲ ಹನ್ನೆರಡನೇ ಒಂದು ಪಾಲಿಗೆ ಇಳಿಯುತ್ತದೆ. ಟಾಪ್ ಗೇರಿನಲ್ಲಿ ಅದು ಜಗ್ಗಬಲ್ಲದ್ದು ಮುನ್ನೂರು, ಮುನ್ನೂರೈವತ್ತು ಕಿಲೋದಷ್ಟು ಬಲ, ಅಷ್ಟೇ. ಇಪ್ಪತ್ತು ಟನ್ ಗಾಡಿಯನ್ನು ಸಮತಟ್ಟಾದ ಡಾಂಬರಿನ ಮೇಲೆ ಉರುಳಿಸಲು ನಾನೂರು ಕಿಲೋ ಬಲವಾದರೂ ಬೇಕು. ಇಪ್ಪತ್ತು ಅಡಿಗೆ ಒಂದು ಅಡಿ ಏರುವ ದಾರಿ ಬಂತೆಂದರೆ ಅದರ ಮೇಲೆ ಇನ್ನೊಂದು ಟನ್ ಹಿಂದಕ್ಕೆ ಜಗ್ಗುತ್ತದೆ. ನೋಡಿದರೆ ದೊಡ್ಡ ಏರು ಎಂದು ಅನಿಸದಂಥದ್ದು ಅದು. ಎರೆಯ ರಾಡಿಯಲ್ಲಿ ಗಾಲಿ ಹೂತರೆ ಬೇಕಾಗುವ ಬಲ ಎಲ್ಲಿಗೆ ಹೋದೀತೋ ಹೇಳಲು ಬಾರದು. ಹೈ ಗೇರಿನಲ್ಲಿ ‘ನುಗ್ಗಿಸಿದರೆ ಹತ್ತುತ್ತದೆ’ ಎನ್ನುವವರಿದ್ದಾರೆ. ಅವರ ಮಾತು ಕೇಳಬೇಡ. ನುಗ್ಗಿದ ವೇಗ ಅರ್ಧ ಏರಿಗೇ ತೀರಿಹೋಗುತ್ತದೆ, ಉಳಿದರ್ಧ ಏರಿನಲ್ಲಿ ನೀನು ತಪ್ಪು ಗೇರಿನಲ್ಲಿ ಸಿಕ್ಕಿಬಿದ್ದಿರುತ್ತೀ.

ಹಾಗೆ ಸಿಕ್ಕಿಬಿದ್ದಾಗ ಏನಾಗುತ್ತದೆ ಎಂದು ಹೇಳುತ್ತೇನೆ, ಚಿತ್ತವಿಟ್ಟು ಕೇಳು. ನಮ್ಮ ಕಡೆಯ ಬಹಳ ಟ್ರ್ಯಾಕ್ಟರುಗಳ ಗೇರು ಕಾರಿನ ಗೇರಿನಂತೆ ಓಡುವಾಗ ಸಲೀಸಾಗಿ ಬೀಳುವುದಲ್ಲ. ಹೈ-ಲೋ ಲಿವರನ್ನಂತೂ ಗಾಡಿ ಪೂರ್ತಿ ನಿಂತ ಮೇಲೆಯೇ ಮುಟ್ಟಬೇಕು. ಏರಿನ ನಡುವೆ ಕ್ಲಚ್ ಒತ್ತಿದೆ ಎಂದರೆ ಎಂಜಿನ್ನಿಗೂ ಗಾಲಿಗೂ ಸಂಬಂಧ ಕಡಿಯಿತು. ಆ ಕ್ಷಣವೇ ಗಾಡಿ ನಿಲ್ಲುತ್ತದೆ, ಮರುಕ್ಷಣ ಹಿಂದಕ್ಕೆ ಸರಿಯುತ್ತದೆ. ಗೇರು ಕರಕರ ಎನ್ನುತ್ತದೆ, ಬೀಳುವುದಿಲ್ಲ. ಗಾಬರಿಯಲ್ಲಿ ಹೇಗೋ ಒಂದಕ್ಕೆ ತುರುಕಿ, ಆಕ್ಸಿಲೇಟರ್ ಒತ್ತಿ, ಕ್ಲಚ್ ಫಕ್ಕನೆ ಬಿಡುತ್ತೀ. ಹಿಂದಿನ ಗಾಲಿಯನ್ನು ಭಾರ ಹಿಡಿದು ನಿಲ್ಲಿಸಿದೆ, ಅದು ತಿರುಗಲಾರದು. ತಿರುಗುವ ಬಲ ಎಲ್ಲಿಗಾದರೂ ಹೋಗಲೇಬೇಕಲ್ಲ? ಅದು ಟ್ರ್ಯಾಕ್ಟರಿನ ಮೈಯನ್ನೇ ಹಿಂದಿನ ಅಚ್ಚಿನ ಸುತ್ತ ಎತ್ತುತ್ತದೆ. ಮುಂದಿನ ಗಾಲಿ ನೆಲ ಬಿಡುತ್ತದೆ. ಟ್ರ್ಯಾಕ್ಟರ್ ಹಿಂದಕ್ಕೆ ಪೂರ್ತಿ ಮಗುಚಿಬೀಳಲು ಒಂದೂವರೆ ಸೆಕೆಂಡು ಸಾಕು. ಇನ್ನು ತಡೆಯಲಾಗದು ಎನ್ನುವ ಹಂತ ಅದಕ್ಕೂ ಮೊದಲೇ ದಾಟಿರುತ್ತದೆ. ಜಿಗಿದು ಪಾರಾಗುತ್ತೇನೆ ಎಂದುಕೊಳ್ಳಬೇಡ, ಅಷ್ಟು ಹೊತ್ತು ಇರುವುದಿಲ್ಲ.

ಅದಕ್ಕೇ ಏರಿನ ಬುಡದಲ್ಲೇ ನಿಲ್ಲಿಸು. ಹಿಂದೆ ಹಾರ್ನ್ ಹೊಡೆಯುವವನು ಹೊಡೆಯಲಿ. ಲೋಗೆ ಹಾಕಿ, ಒಂದೋ ಎರಡೋ ನೋಡಿಕೊಂಡು, ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ ಹೊರಡು. ಗೇರು ಸರಿಯಿದೆಯೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆ ಇದೆ. ಹತ್ತಲು ಶುರು ಮಾಡಿದ ಕೂಡಲೇ, ಏರು ಇನ್ನೂ ಹಗುರವಿರುವಾಗಲೇ, ಆಕ್ಸಿಲೇಟರನ್ನು ಒಂದು ಕೂದಲೆಳೆಯಷ್ಟು ಹೆಚ್ಚು ಒತ್ತು. ಎಂಜಿನ್ ದನಿ ಏರಿತೆಂದರೆ ಅದರ ಕೈಯಲ್ಲಿ ಇನ್ನೂ ಶಕ್ತಿ ಉಳಿದಿದೆ, ಅದೇ ಗೇರಿನಲ್ಲಿ ಹೋಗು. ದನಿ ಏರದೆ ಹೊಗೆ ಮಾತ್ರ ಕಪ್ಪಗೆ ಬಂದು, ಎಂಜಿನ್ ದಡದಡ ಎಂದು ಒದ್ದಾಡಿದರೆ ಗೇರು ಹೆಚ್ಚಾಯಿತು. ಇನ್ನೂ ಬುಡದಲ್ಲೇ ಇದ್ದೀ, ನಿಲ್ಲಿಸಿ ಕೆಳಗಿನದಕ್ಕೆ ಹಾಕಿಕೋ. ಹಾಗೆ ಒದ್ದಾಡಿಸಿಕೊಂಡೇ ದಿನವಿಡೀ ಜಗ್ಗಿದರೆ ಎಂಜಿನ್ ಕಾಯುತ್ತದೆ, ಡೀಸೆಲ್ಲೂ ಉಳಿಯುವುದಿಲ್ಲ.

ಇದೇ ಜಾಗದಲ್ಲಿ ಇನ್ನೊಂದು ಮಾತು. ನಿನ್ನ ಟ್ರ್ಯಾಕ್ಟರಿನ ಮೇಲೆ ದೊಡ್ಡ ಸ್ಪೀಕರ್ ಕೂಡಿಸಿದ್ದೀ. ಹಾಡು ಬೇಡ ಎನ್ನುವುದಿಲ್ಲ. ರಾತ್ರಿ ಒಬ್ಬನೇ ಹೊಡೆಯುವವನಿಗೆ ಹಾಡು ಜೊತೆಗಾರ. ಆದರೆ ಭಾರ ಹಿಂದಿದ್ದಾಗ ನಿನಗೆ ಎಂಜಿನ್ನಿನ ದನಿ ಕೇಳಲೇಬೇಕು. ಮೀಟರಿನ ಮುಳ್ಳು ನೋಡುತ್ತ ಕೂರಲು ಆ ಹೊತ್ತಿನಲ್ಲಿ ಆಗುವುದಿಲ್ಲ, ಕಿವಿಯೇ ಮೀಟರು. ತುಂಬಿದ ಗಾಡಿಯಲ್ಲಿ ಹಾಡು ಬಂದ್ ಮಾಡು. ಖಾಲಿ ಬರುವಾಗ ಹಚ್ಚಿಕೋ. ಖಾಲಿ ಬರುವಾಗ ಹೈ ಗೇರು ಹಾಕಿ ಆಕ್ಸಿಲೇಟರ್ ಕಡಿಮೆ ಇಟ್ಟುಕೊಂಡೂ ಬರಬಹುದು, ಅದರಿಂದ ಡೀಸೆಲ್ ಉಳಿಯುತ್ತದೆ.

ಏರು ಹತ್ತುವಾಗ ಮುಂಗಾಲಿ ಏಳಬಾರದೆಂದು ಬಂಪರಿನ ಮೇಲೆ ಇಬ್ಬರು ಮೂವರನ್ನು ನಿಲ್ಲಿಸುವ ರೂಢಿ ನಮ್ಮಲ್ಲಿದೆ. ತಮ್ಮಾ, ಇದನ್ನು ನೀನು ಮಾಡಬೇಡ, ಕೈಮುಗಿದು ಹೇಳುತ್ತೇನೆ. ಗಾಲಿ ಎದ್ದು ಕುಕ್ಕಿದಾಗ ಮೊದಲು ಬೀಳುವವರು ಅವರೇ, ಬಿದ್ದವರ ಮೇಲೆ ಹಾಯುವುದು ನಿನ್ನದೇ ಗಾಲಿ. ಮುಂದೆ ಹಾಕುವ ಕಬ್ಬಿಣದ ವೇಟ್ ಸಿಗುತ್ತದೆ, ಅದನ್ನು ಹಾಕಿಸು. ಹುಕ್ಕು ಕೆಳಗಿನ ಡ್ರಾಬಾರಿಗೇ ಇರಲಿ. ಮೇಲಿನ ಲಿಂಕಿಗೋ ಅಚ್ಚಿಗಿಂತ ಎತ್ತರದ ಜಾಗಕ್ಕೋ ಸರಪಳಿ ಕಟ್ಟಿ ಜಗ್ಗಿದರೆ ಟ್ರ್ಯಾಕ್ಟರನ್ನು ನೀನೇ ಹಿಂದಕ್ಕೆ ಎಳೆದು ಕೆಡವಿದಂತೆ. ಇನ್ನೂ ಒಂದು ತಿಳಿದುಕೋ. ಲೋ ಒಂದಕ್ಕೆ ಹಾಕಿದರೂ ಹತ್ತದಿದ್ದರೆ ಅದಕ್ಕಿಂತ ಕೆಳಗೆ ಗೇರಿಲ್ಲ. ಟ್ರ್ಯಾಕ್ಟರಿನ ತೂಕ ಎರಡು ಟನ್ ಚಿಲ್ಲರೆ, ಅದರ ಗಾಲಿ ನೆಲವನ್ನು ಹಿಡಿದು ಜಗ್ಗುವುದು ಆ ತೂಕದ ಅರ್ಧ, ಹೆಚ್ಚೆಂದರೆ ಮುಕ್ಕಾಲು ಪಾಲು. ಅಲ್ಲಿಗೆ ಗೇರಿನ ಕೆಲಸ ಮುಗಿಯಿತು. ಹಿಂದಿನ ಡಬ್ಬಿಯ ಗಾಲಿಗೆ ಕಲ್ಲು ಕೊಟ್ಟು, ಪಿನ್ ಬಿಚ್ಚಿ, ಒಂದೊಂದೇ ಡಬ್ಬಿ ಮೇಲೆ ಒಯ್ಯಿ. ಅರ್ಧ ತಾಸು ಹೋಗಲಿ.

ರಾಡಿ ಹೊಲದಲ್ಲಿ ಒಂದು ಗಾಲಿ ಸುಮ್ಮನೆ ತಿರುಗತೊಡಗಿದರೆ ಡಿಫರೆನ್ಷಿಯಲ್ ಲಾಕ್ ಒತ್ತು, ಆದರೆ ನೇರ ಹೋಗುವಾಗ ಮಾತ್ರ. ಹೊರಳುವ ಮೊದಲು ಅದು ಬಿಟ್ಟಿದೆಯೇ ನೋಡಿಕೋ.

ಏರಿಗಿಂತ ನನಗೆ ಹೆಚ್ಚು ಹೆದರಿಕೆ ಇಳಿಜಾರಿನದು. ಏರಿನಲ್ಲಿ ತಪ್ಪಿದರೆ ಎಂಜಿನ್ ಒದ್ದಾಡಿ ಎಚ್ಚರಿಸುತ್ತದೆ. ಇಳಿಜಾರಿನಲ್ಲಿ ತಪ್ಪಿದ್ದು ಮೊದಮೊದಲು ಹಿತವಾಗಿಯೇ ಇರುತ್ತದೆ. ಗಾಡಿ ಹಗುರಾಗುತ್ತದೆ, ಗಾಳಿ ಬಡಿಯುತ್ತದೆ, ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿದೀತು ಎನಿಸುತ್ತದೆ. ನ್ಯೂಟ್ರಲ್ ಮಾಡಿದ ಗಾಡಿಯನ್ನು ಹಿಡಿಯುವುದು ಬ್ರೇಕ್ ಒಂದೇ. ಆ ಬ್ರೇಕಾದರೂ ಎಲ್ಲಿದೆ? ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗೆ ಮಾತ್ರ. ನಮ್ಮ ಡಬ್ಬಿಗಳಲ್ಲಿ ಹೆಚ್ಚಿನವಕ್ಕೆ ಬ್ರೇಕೇ ಇಲ್ಲ. ಎರಡು ಟನ್ನಿನ ಗಾಡಿ ಇಪ್ಪತ್ತು ಟನ್ನನ್ನು ತಡೆಯಬೇಕು! ವೇಗ ಎರಡು ಪಟ್ಟಾದರೆ ನಿಲ್ಲಿಸಲು ಬೇಕಾದ ಶ್ರಮ ನಾಲ್ಕು ಪಟ್ಟಾಗುತ್ತದೆ. ಬ್ರೇಕ್ ಒತ್ತಿ ಹಿಡಿದೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಗಟ್ಟಿಯಾಗಿ ಒತ್ತಿದರೆ ಟ್ರ್ಯಾಕ್ಟರ್ ನಿಲ್ಲುತ್ತದೆ, ಡಬ್ಬಿ ನಿಲ್ಲುವುದಿಲ್ಲ. ಹಿಂದಿನ ಭಾರ ಹುಕ್ಕನ್ನು ದೂಡಿ ಟ್ರ್ಯಾಕ್ಟರನ್ನು ಅಡ್ಡ ಹಾಕುತ್ತದೆ.

ಇಳಿಜಾರಿನಲ್ಲಿ ಭಾರ ಹಿಡಿಯಬೇಕಾದದ್ದು ಎಂಜಿನ್. ಕಾಲು ಆಕ್ಸಿಲೇಟರಿನಿಂದ ತೆಗೆದಾಗ ಡೀಸೆಲ್ ಕಡಿಮೆಯಾಗುತ್ತದೆ, ಗಾಲಿಯೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಕೆಳಗಿನ ಗೇರಿನಲ್ಲಿ ಗಾಲಿಯ ಒಂದು ಸುತ್ತಿಗೆ ಎಂಜಿನ್ ಬಹಳ ಸುತ್ತು ತಿರುಗಬೇಕು, ಅದಕ್ಕೇ ಅಲ್ಲಿ ಹಿಡಿತ ಹೆಚ್ಚು. ಇಳಿಜಾರಿನ ತಲೆಯಲ್ಲಿ ನಿಲ್ಲಿಸಿ, ಅದೇ ದಾರಿಯನ್ನು ಇದೇ ಭಾರ ಹೊತ್ತು ಹತ್ತುವುದಾದರೆ ಯಾವ ಗೇರು ಹಾಕುತ್ತಿದ್ದೆ ಎಂದು ಕೇಳಿಕೋ. ಆ ಗೇರಿಗೆ ಹಾಕು, ಅನುಮಾನವಿದ್ದರೆ ಅದಕ್ಕೂ ಒಂದು ಕೆಳಗಿನದಕ್ಕೆ. ಬ್ರೇಕನ್ನು ಒತ್ತಿ ಬಿಡುತ್ತ, ಒತ್ತಿ ಬಿಡುತ್ತ ಇಳಿ. ಕ್ಲಚ್ಚಿನ ಮೇಲೆ ಕಾಲು ಇಡಬೇಡ. ಕ್ಲಚ್ ಒತ್ತಿದರೂ ನ್ಯೂಟ್ರಲ್ ಮಾಡಿದ ಹಾಗೆಯೇ. ಲೋ ಗೇರಿನಲ್ಲಿ ಕ್ಲಚ್ ಒತ್ತಿ ಗಾಡಿ ವೇಗ ಹಿಡಿದ ಮೇಲೆ ಬಿಟ್ಟರೆ ಕ್ಲಚ್ ಪ್ಲೇಟು ಚೂರಾಗಬಹುದು, ಆಮೇಲೆ ಎಂಜಿನ್ ಹಿಡಿತವೂ ಹೋಯಿತು. ಚಕ್ಕಡಿಯ ಕಾಲದಲ್ಲಿ ಒಳ್ಳೆಯ ಕಿಲಾರಿ ಎತ್ತು ಇಳಿಜಾರು ಕಂಡರೆ ತಾನೇ ಕಾಲು ಊರಿ ನೊಗಕ್ಕೆ ಎದುರು ಬೀಳುತ್ತಿತ್ತು, ಹೊಡೆಯುವವನು ಮೈಮರೆತರೂ ಅದು ಮರೆಯುತ್ತಿರಲಿಲ್ಲ. ಟ್ರ್ಯಾಕ್ಟರಿಗೆ ಆ ಬುದ್ಧಿ ಇಲ್ಲ. ಅದರ ಪಾಲಿನ ಎಚ್ಚರವನ್ನೂ ನೀನೇ ಇಟ್ಟುಕೊಳ್ಳಬೇಕು.

ಬ್ರೇಕಿನ ಎರಡು ಪೆಡಲುಗಳನ್ನು ಜೋಡಿಸುವ ಕೊಂಡಿ ಹೊಲದಿಂದ ರಸ್ತೆಗೆ ಹತ್ತುವ ಮೊದಲು ಬಿದ್ದಿರಬೇಕು. ಒಂದೇ ಪೆಡಲಿನ ಮೇಲೆ ಕಾಲು ಬಿದ್ದರೆ ಒಂದೇ ಗಾಲಿ ಹಿಡಿದು ಗಾಡಿ ಫಕ್ಕನೆ ತಿರುಗುತ್ತದೆ, ಮೇಲಿನ ತನಕ ಒಟ್ಟಿದ ಕಬ್ಬು ಅದನ್ನು ಉರುಳಿಸದೆ ಬಿಡುವುದಿಲ್ಲ. ಇದೊಂದನ್ನು ಪ್ರತಿ ಖೇಪಿಗೂ ಬಗ್ಗಿ ಕೈಯಿಂದ ಮುಟ್ಟಿ ನೋಡು.

ತೂಕದ ಮಾತು ಕಠಿಣವಾದದ್ದು, ಆದರೂ ಹೇಳಬೇಕು. ಟನ್ನಿನ ಲೆಕ್ಕದಲ್ಲಿ ದುಡ್ಡು ಬರುವುದರಿಂದ ಮಾಲಕ ‘ಇನ್ನೆರಡು ಹೊರೆ ಏರಿಸು’ ಎನ್ನುತ್ತಾನೆ. ಕಬ್ಬು ಕಡಿಯುವ ಗ್ಯಾಂಗಿನವರು ಏರಿಸುತ್ತಾರೆ. ಕಾಗದದಲ್ಲಿ ಬರೆದಿರುವ ತೂಕ ಎಷ್ಟು, ಕಾಟಾದಲ್ಲಿ ಬೀಳುವ ತೂಕ ಎಷ್ಟು ಎಂದು ಎಲ್ಲರಿಗೂ ಗೊತ್ತಿದೆ. ಆದರೆ ಇಳಿಜಾರಿನಲ್ಲಿ ಸೀಟಿನ ಮೇಲೆ ಇರುವವನು ಮಾಲಕನೂ ಅಲ್ಲ, ಗ್ಯಾಂಗಿನವನೂ ಅಲ್ಲ. ನಿನ್ನ ದಾರಿಯ ಅತಿ ಕಡಿದಾದ ಏರನ್ನು ಲೋ ಎರಡರಲ್ಲಿ ಹತ್ತಲಾಗದಷ್ಟು ಭಾರವಾದರೆ ‘ಇಷ್ಟು ನಾ ಒಯ್ಯಂಗಿಲ್ರಿ’ ಎಂದು ಹೇಳು. ಲೋ ಒಂದನ್ನು ಕೈಕೊಟ್ಟ ಗಳಿಗೆಗೆಂದು ಉಳಿಸಿಕೊಂಡಿರಬೇಕು. ಕೆಲಸ ಹೋದೀತು ಎಂದು ಅಂಜಬೇಡ, ಹಂಗಾಮಿನಲ್ಲಿ ಒಳ್ಳೆಯ ಡ್ರೈವರನಿಗೆ ಕೆಲಸದ ಬರಗಾಲ ನಾನು ಕಂಡಿಲ್ಲ. ಏನಾದರೂ ಅಂದರೆ ನನ್ನ ಹೆಸರು ಹೇಳು, ನಾನು ಬಂದು ಮಾತಾಡುತ್ತೇನೆ.

ಇನ್ನು ಕಾರ್ಖಾನೆಯ ಪಾಳಿಯಲ್ಲಿ ತಾಸುಗಟ್ಟಲೆ ನಿಲ್ಲುತ್ತೀಯಲ್ಲ, ಆಗ ಮೊಬೈಲ್ ಬದಿಗಿಟ್ಟು ಟ್ರ್ಯಾಕ್ಟರಿನ ಜೊತೆ ಕೊಟ್ಟ ಪುಸ್ತಕ ತೆಗೆ. ಅದರಲ್ಲಿ ಯಾವ ಗೇರಿನಲ್ಲಿ ತಾಸಿಗೆ ಎಷ್ಟು ಕಿಲೋಮೀಟರ್ ಎನ್ನುವ ಪಟ್ಟಿ ಇರುತ್ತದೆ. ನಿನ್ನ ಹೊಲದಿಂದ ಕಾರ್ಖಾನೆಯ ತನಕದ ಏರು, ಇಳಿಜಾರು, ಸೇತುವೆಗಳನ್ನು ಒಂದು ಹಾಳೆಯಲ್ಲಿ ಬರೆದು, ಎಲ್ಲಿ ನಿಲ್ಲಿಸಬೇಕು, ಯಾವ ಗೇರು ಎಂದು ಪಕ್ಕದಲ್ಲಿ ಗುರುತು ಹಾಕಿಕೋ. ಮೊದಲ ಖೇಪಿಗೆ ಒಂದೇ ಡಬ್ಬಿ ಕಟ್ಟು. ಹಗಲಿನಲ್ಲೇ ಹೊರಡು, ನಾನೂ ಮಡಗಾರ್ಡಿನ ಮೇಲಲ್ಲ, ಹಿಂದೆ ಬೈಕಿನ ಮೇಲೆ ಬರುತ್ತೇನೆ.