ಸಂಘಕ್ಕೂ ಹಾಲು, ಮನೆಗೂ ಹಾಲು: ದಿನನಿತ್ಯದ ಊಟಕ್ಕೆ ಸುಲಭ ಅಡುಗೆಗಳು



ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದಲ್ಲಿ, ವಾಡಿ ಹಾಗೂ ಶಹಾಬಾದ ಸುತ್ತಲಿನ ಹಳ್ಳಿಗಳಲ್ಲಿ ದನಗಳ ಚಿಕಿತ್ಸೆಗೆ ಹೋದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬೆಳಿಗ್ಗೆ ಕರೆದ ಹಾಲೆಲ್ಲ ಸಂಘಕ್ಕೆ ಹೋಗಿರುತ್ತದೆ. ಅದೇ ಮನೆಯ ಮಗು ಕರಿ ಚಹಾದಲ್ಲಿ ರೊಟ್ಟಿ ಅದ್ದಿ ತಿಂದು ಶಾಲೆಗೆ ಹೊರಡುತ್ತದೆ. ಎಮ್ಮೆಗೆ ಹಿಂಡಿ ಎಷ್ಟು ಹಾಕಬೇಕೆಂದು ಕೇಳುವವರು ಬಹಳ. ಮಕ್ಕಳಿಗೆ ಹಾಲು ಎಷ್ಟು ಕೊಡಬೇಕೆಂದು ಕೇಳುವವರು ಕಡಿಮೆ.

ಮನೆಗೆ ಹಾಲು ಏಕೆ ಬೇಕು?

ನಮ್ಮ ಮುಖ್ಯ ಆಹಾರ ಜೋಳ. ಅದು ಒಳ್ಳೆಯ ಧಾನ್ಯವೇ. ಆದರೆ ಮಕ್ಕಳ ಬೆಳವಣಿಗೆಗೆ ಬೇಕಾದ ಲೈಸಿನ್ ಎಂಬ ಅಂಶ ಅದರಲ್ಲಿ ಕಡಿಮೆ. ಹಾಲು, ಮೊಸರು, ತೊಗರಿ ಬೇಳೆಗಳಲ್ಲಿ ಅದು ಹೇರಳವಾಗಿದೆ. ರೊಟ್ಟಿಯ ಜೊತೆ ಬೇಳೆ ಅಥವಾ ಮೊಸರು ಇದ್ದರೆ ಊಟ ಪೂರ್ಣವಾಗುತ್ತದೆ. ದಿನಕ್ಕೆ ಒಬ್ಬರಿಗೆ 300 ಮಿ.ಲೀ. ಹಾಲು ಅಥವಾ ಮೊಸರು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. 2013ರಲ್ಲಿ ಆರಂಭವಾದ ಕ್ಷೀರ ಭಾಗ್ಯ ಯೋಜನೆಯಲ್ಲಿ ಶಾಲೆಯ ಮಕ್ಕಳಿಗೆ ನಿಗದಿಯಾದದ್ದು 150 ಮಿ.ಲೀ. ಉಳಿದರ್ಧ ಮನೆಯಲ್ಲೇ ಸಿಗಬೇಕು. ದಿನಕ್ಕೆ ಅರ್ಧ ಲೀಟರಿನಿಂದಾದರೂ ಆರಂಭಿಸಿರಿ.

ಮನೆಯ ಹಾಲನ್ನು ಮೊದಲೇ ಅಳೆದು ಬೇರೆ ಇಡಿರಿ. ಕಡಿಮೆಯಾದದ್ದನ್ನು ನೀರು ಬೆರೆಸಿ ಸರಿದೂಗಿಸಬೇಡಿರಿ. ಜಿಡ್ಡು ಮತ್ತು ಎಸ್‌ಎನ್‌ಎಫ್ ಇಳಿದು ದರವೂ ಇಳಿಯುತ್ತದೆ.

1. ನುಚ್ಚು ಮಜ್ಜಿಗೆ (ಬೆಳಗಿನ ಉಪಾಹಾರ)

ಒಂದು ಬಟ್ಟಲು ಜೋಳದ ನುಚ್ಚನ್ನು ರಾತ್ರಿ ನೆನೆಯಿಡಿರಿ. ಬೆಳಿಗ್ಗೆ ನಾಲ್ಕು ಬಟ್ಟಲು ನೀರು, ಉಪ್ಪು ಹಾಕಿ ಮೆತ್ತಗೆ ಬೇಯಿಸಿರಿ. ಪೂರ್ತಿ ಆರಿದ ಮೇಲೆ ಎರಡು ಬಟ್ಟಲು ಮಜ್ಜಿಗೆ, ಹೆಚ್ಚಿದ ಉಳ್ಳಾಗಡ್ಡಿ, ಜೀರಿಗೆ ಪುಡಿ ಕಲಸಿರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ, ಹೊಲಕ್ಕೆ ಅಥವಾ ಫರಸಿ ಕಲ್ಲಿನ ಖಣಿಗೆ ಹೋಗುವವರಿಗೆ ಇದು ಹೇಳಿ ಮಾಡಿಸಿದ ಆಹಾರ.

ಬೆಣ್ಣೆ ತೆಗೆದ ಮಜ್ಜಿಗೆಯಲ್ಲಿ ಸತ್ವವಿಲ್ಲವೆಂಬುದು ತಪ್ಪು. ಹೋಗುವುದು ಜಿಡ್ಡು ಮಾತ್ರ; ಪ್ರೋಟೀನ್, ಸುಣ್ಣದ ಅಂಶ ಉಳಿದಿರುತ್ತವೆ.

2. ಮೊಸರು ಹಿಂಡಿ (ರೊಟ್ಟಿಗೆ ಹಚ್ಚಿಕೊಳ್ಳಲು)

ಒಂದು ಬಟ್ಟಲು ಗಟ್ಟಿ ಮೊಸರಿಗೆ ಎರಡು ಚಮಚ ಶೇಂಗಾ ಹಿಂಡಿ ಅಥವಾ ಅಗಸಿ ಹಿಂಡಿ, ರುಚಿಗೆ ಉಪ್ಪು ಕಲಸಿರಿ. ಒಲೆ ಹಚ್ಚುವ ಕೆಲಸವೇ ಇಲ್ಲ. ಖಾರ ತಿನ್ನದ ಮಕ್ಕಳಿಗೆ ಮೊಸರು ಹೆಚ್ಚು, ಹಿಂಡಿ ಕಡಿಮೆ ಮಾಡಿರಿ.

3. ಮಜ್ಜಿಗೆ ಸಾರು (ಮಧ್ಯಾಹ್ನದ ಊಟಕ್ಕೆ)

ನಾಲ್ಕು ಬಟ್ಟಲು ಹುಳಿ ಮಜ್ಜಿಗೆಗೆ ಎರಡು ಚಮಚ ಕಡಲೆ ಹಿಟ್ಟು, ಚಿಟಿಕೆ ಅರಿಷಿಣ, ಉಪ್ಪು ಹಾಕಿ ಗಂಟಿಲ್ಲದಂತೆ ಕಲಸಿರಿ. ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಹಸಿ ಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಇದನ್ನು ಸುರಿಯಿರಿ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಿರಿ. ತಿರುವುದನ್ನು ಬಿಟ್ಟರೆ ಮಜ್ಜಿಗೆ ಒಡೆಯುತ್ತದೆ. ಹಿಟ್ಟಿನ ಹಸಿ ವಾಸನೆ ಹೋದ ಮೇಲೆ ಇಳಿಸಿರಿ.

4. ಹಾಲು ರೊಟ್ಟಿ (ಮಕ್ಕಳಿಗೆ ಸಂಜೆ)

ಉಳಿದ ರೊಟ್ಟಿಯನ್ನು ಪುಡಿ ಮಾಡಿ ಬಿಸಿ ಹಾಲಿನಲ್ಲಿ ನೆನೆಸಿರಿ. ಬೆಲ್ಲವನ್ನು ಒಲೆಯಿಂದ ಇಳಿಸಿದ ನಂತರವೇ ಬೆರೆಸಿರಿ; ಕುದಿಯುವಾಗ ಹಾಕಿದರೆ ಹಾಲು ಒಡೆಯಬಹುದು.

ಗಿಣ್ಣದ ಬಗ್ಗೆ ಒಂದು ಮಾತು

ಗಿಣ್ಣ ಎಲ್ಲರಿಗೂ ಇಷ್ಟ. ಆದರೆ ಗಿಣ್ಣದ ಹಾಲಿನ ಮೇಲೆ ಮೊದಲ ಹಕ್ಕು ಕರುವಿನದು. ಹುಟ್ಟುವಾಗ ಕರುವಿನ ರಕ್ತದಲ್ಲಿ ರೋಗ ನಿರೋಧಕ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಅದು ಸಿಗುವುದು ಗಿಣ್ಣದ ಹಾಲಿನಿಂದಲೇ. ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಸಲ ಕುಡಿಸಿರಿ. ದಿನಕ್ಕೆ ಕರುವಿನ ತೂಕದ ಹತ್ತನೇ ಒಂದು ಭಾಗ, ಅಂದರೆ 30 ಕಿಲೋ ಕರುವಿಗೆ 3 ಲೀಟರ್ ಹಾಲು ಬೇಕು. ಅದರ ಹೊಟ್ಟೆ ತುಂಬಿ ಉಳಿದದ್ದರಲ್ಲಿ ನಿಮ್ಮ ಗಿಣ್ಣ. ಸಂಘದ ಕ್ಯಾನಿಗೆ ಮಾತ್ರ ಗಿಣ್ಣದ ಹಾಲು ಹಾಕಬಾರದು.

ಎಚ್ಚರಿಕೆಗಳು

* ಹಸಿ ಹಾಲು ಕುಡಿಯಬೇಡಿರಿ. ಕಂದು ಹಾಕಿದ ದನದ ಹಾಲಿನಿಂದ ಬ್ರುಸೆಲ್ಲಾ ರೋಗ ಮನುಷ್ಯರಿಗೆ ಅಂಟಬಹುದು. ಹಾಲು ಉಕ್ಕಿ ಬರುವವರೆಗೆ ಕಾಯಿಸಿರಿ. ಮೊಸರಿಗೂ ಕಾಯಿಸಿದ ಹಾಲನ್ನೇ ಹೆಪ್ಪು ಹಾಕಿರಿ.
* ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ದನದ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಮನೆಗೂ ಬಳಸಬೇಡಿರಿ, ಸಂಘಕ್ಕೂ ಹಾಕಬೇಡಿರಿ. ಕಾಯಿಸಿದರೂ ಔಷಧಿಯ ಅಂಶ ಪೂರ್ತಿ ಹೋಗುವುದಿಲ್ಲ.
* ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲು ಮಾತ್ರ ಸಾಕು.

ತಾಯಂದಿರೇ, ದನ ಮೇಯಿಸಿ, ಸಗಣಿ ಬಾಚಿ, ಹಾಲು ಕರೆಯುವವರು ಹೆಚ್ಚಾಗಿ ನೀವೇ. ಕೊನೆಗೆ ಉಣ್ಣುವವರೂ ನೀವೇ. ಇಂದು ಸಂಜೆಯ ಹಾಲಿನಲ್ಲಿ ಅರ್ಧ ಲೀಟರ್ ಬೇರೆ ಇಟ್ಟು ಹೆಪ್ಪು ಹಾಕಿರಿ. ನಾಳೆ ಮಕ್ಕಳ ತಟ್ಟೆಯಲ್ಲಿ ಅದು ಇರಲಿ, ನಿಮ್ಮ ತಟ್ಟೆಯಲ್ಲಿಯೂ ಇರಲಿ.