ಮಂಡಿ ನೋವಿದ್ದರೆ ಬಸ್ಕಿ ಬಿಡಬೇಕೆ?

ಪ್ರಶ್ನೆ: ನನಗೆ 44 ವರ್ಷ. ಯಲಹಂಕ ಉಪನಗರದ ಜಿಮ್‌ಗೆ ಹೋಗುತ್ತೇನೆ. ಸ್ಕ್ವಾಟ್ ಮಾಡುವಾಗಲೂ ಯಶವಂತಪುರ ರೈಲು ನಿಲ್ದಾಣದ ಮೆಟ್ಟಿಲು ಇಳಿಯುವಾಗಲೂ ಮಂಡಿಚಿಪ್ಪಿನ ಸುತ್ತ ನೋಯುತ್ತದೆ. ಮಂಡಿ ಕಾಲ್ಬೆರಳು ದಾಟಲೇಬಾರದಂತೆ, ನಿಜವೇ? ಸ್ಕ್ವಾಟ್ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಸದ್ಯಕ್ಕೆ ತೂಕ ಇಳಿಸಿ, ಆಳ ಕಡಿಮೆ ಮಾಡಿ. ಆದರೆ ಮಂಡಿ ಊದಿಕೊಂಡಿದ್ದರೆ, ಮಡಿಸಿದ್ದು ಬಿಚ್ಚದೆ ಸಿಕ್ಕಿಕೊಳ್ಳುತ್ತಿದ್ದರೆ, ನಡೆಯುವಾಗ ಕುಸಿಯುತ್ತಿದ್ದರೆ ಮೊದಲು ಮೂಳೆ ವೈದ್ಯರಿಗೆ ತೋರಿಸಿ.

ಸ್ಕ್ವಾಟ್ ನಮಗೆ ಹೊಸದಲ್ಲ. ಗರಡಿಮನೆಯಲ್ಲಿ ಹೊಡೆಯುತ್ತಿದ್ದುದು, ಗಣಪತಿಯ ಮುಂದೆ ಕಿವಿ ಹಿಡಿದು ಹಾಕುತ್ತಿದ್ದುದು ಇದೇ ಬಸ್ಕಿ. ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ಎತ್ತಿ, ಮುಂಗಾಲಿನ ಮೇಲೆ ರಭಸವಾಗಿ ಕೂತೇಳುತ್ತೇವೆ, ಭಾರವೆಲ್ಲ ಮಂಡಿಗೇ. ನೋವಿರುವಾಗ ಅದು ಬೇಡ.

ಕಾಲ್ಬೆರಳಿನ ಮಾತು ಅರ್ಧ ನಿಜ. 2003ರಲ್ಲಿ ಅಮೆರಿಕದ ಆಂಡ್ರ್ಯೂ ಫ್ರೈ ಮತ್ತು ಸಂಗಡಿಗರು ಮಂಡಿ ಮುಂದೆ ಹೋಗದಂತೆ ಹಲಗೆ ಅಡ್ಡವಿಟ್ಟು ಬಸ್ಕಿ ಹೊಡೆಸಿ ಅಳೆದರು. ಮಂಡಿಯ ಹೊರೆ ಸುಮಾರು ಐದನೇ ಒಂದು ಭಾಗ ಇಳಿಯಿತು. ಸೊಂಟದ ಕೀಲಿನ ಹೊರೆ ಹತ್ತು ಪಟ್ಟು ಏರಿತು. ಹಾಗಾಗಿ ನೋವಿರುವ ಕೆಲವು ವಾರ ಮಂಡಿಯನ್ನು ತುಸು ಹಿಂದಿಟ್ಟುಕೊಳ್ಳಿ, ಜೀವನಪೂರ್ತಿ ಅದನ್ನೇ ವ್ರತ ಮಾಡಿಕೊಳ್ಳಬೇಡಿ.

ಸದ್ಯಕ್ಕೆ ಬಸ್ಕಿ ಹೀಗೆ ಮಾಡಿ. ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿಡಿ, ಮೇಲೊಂದು ದಿಂಬು ಹಾಕಿ. ಬರಿಗಾಲಲ್ಲಿ ಬೆನ್ನುಹಾಕಿ ನಿಂತು, ಪಾದಗಳನ್ನು ಭುಜದಗಲಕ್ಕೆ ಇಟ್ಟು ತುದಿಗಳನ್ನು ಕೊಂಚ ಹೊರಕ್ಕೆ ತಿರುಗಿಸಿ. ಮೊದಲು ಸೊಂಟ ಹಿಂದಕ್ಕೆ ಹೋಗಲಿ, ಕತ್ತಲಲ್ಲಿ ಮಣೆ ಹುಡುಕಿ ಕೂರುವವರ ಹಾಗೆ. ಮೂರು ಎಣಿಸುತ್ತ ಇಳಿದು, ದಿಂಬಿಗೆ ತಾಗಿದೊಡನೆ ಏಳಿ. ಹಿಮ್ಮಡಿ ನೆಲ ಬಿಡಬಾರದು. ಎದುರಿಗೆ ಕನ್ನಡಿ ಇರಲಿ: ಏಳುವ ಗಳಿಗೆಯಲ್ಲೇ ಮಂಡಿಗಳು ಒಳಕ್ಕೆ ವಾಲುವುದು ಹೆಚ್ಚು. ಚಿಪ್ಪು ಕಾಲಿನ ಎರಡನೇ ಬೆರಳಿನ ನೇರಕ್ಕೇ ಇರಲಿ.

ನಿಧಾನವಾಗಿ ಇಳಿಯಿರಿ ಎಂದು ಒತ್ತಿ ಹೇಳಲು ಕಾರಣವಿದೆ. ಮೆಟ್ಟಿಲು ಇಳಿಯುವಾಗ ನಿಮಗೆ ನೋವು, ಏಕೆಂದರೆ ಆಗ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆತಡೆದು ಬಿಡಬೇಕು. ಕುರ್ಚಿಯ ಬಸ್ಕಿ ಕಲಿಸುವುದು ಅದನ್ನೇ.

ದಿನ ಬಿಟ್ಟು ದಿನ, ಎಂಟರಂತೆ ಮೂರು ಸುತ್ತು ಸಾಕು. ಹತ್ತಕ್ಕೆ ಮೂರರಷ್ಟು ನೋವಾದರೆ ಹೆದರಬೇಡಿ. ಮರುದಿನ ಬೆಳಗ್ಗೆಗೂ ಹೆಚ್ಚೇ ಇದ್ದರೆ ಇನ್ನೊಂದು ದಿಂಬು ಸೇರಿಸಿ. ಎರಡು ಮೂರು ವಾರ ಹೀಗೆ ಸಲೀಸಾಗಿ ನಡೆದರೆ ದಿಂಬು ತೆಗೆಯಿರಿ, ಆಮೇಲೆ ಐದು ಕಿಲೋ ಅಕ್ಕಿ ಚೀಲ ಎದೆಗವಚಿಕೊಳ್ಳಿ. ಬಾರ್ಬೆಲ್ ಅದರ ನಂತರ. ದಿಂಬು ಹೋಗುವ ತನಕ ಯಶವಂತಪುರದ ಮೆಟ್ಟಿಲಲ್ಲಿ ಕಂಬಿ ಹಿಡಿದೇ ಇಳಿಯಿರಿ.